ಹತ್ತನೇ ತರಗತಿಯ ಪುಸ್ತಕಕ್ಕೆ ಹರಿದು ಬಂದ ನೀರು

ತೆಲಂಗಾಣದ ಹತ್ತನೇ ತರಗತಿಗೆ 2014ರಲ್ಲಿ ಬಂದ ಜೀವಶಾಸ್ತ್ರದ ಪುಸ್ತಕದಲ್ಲಿ ಪರಿಸರದ ಪಾಠವೊಂದಿದೆ. ಅದರಲ್ಲಿ ಏದುಲಾಬಾದ್ ಎಂಬ ಊರಿನ ಕೆರೆಯ ಕತೆ ಬರುತ್ತದೆ. ಊರು ಇರುವುದು ಹೈದರಾಬಾದಿನ ಪೂರ್ವಕ್ಕೆ, ಘಟ್‌ಕೇಸರ್ ಹತ್ತಿರ. ನಗರದ ಕೊಳಚೆ, ಕಾರ್ಖಾನೆಗಳು ಹೊರಬಿಟ್ಟ ನೀರು ಮೂಸಿ ನದಿಯ ಮೂಲಕ ಆ ಕೆರೆಗೆ ಬಂದು ಸೇರುತ್ತವೆ. ಅಲ್ಲಿನ ಮೀನುಗಳನ್ನು ಪರೀಕ್ಷಿಸಿದ ಸಂಶೋಧಕರಿಗೆ ಅವುಗಳ ಒಡಲಲ್ಲಿ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳು ಸಿಕ್ಕವು. ನೀರಿನಿಂದ ಪಾಚಿಗೆ, ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಮೀನಿಗೆ, ಮೀನಿನಿಂದ ಹಕ್ಕಿಗೂ ಮನುಷ್ಯರಿಗೂ ವಿಷ ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ ಎಂದು ವಿವರಿಸಲು ಪುಸ್ತಕ ಈ ಉದಾಹರಣೆ ಕೊಡುತ್ತದೆ.

ಶಾಲಾ ಪುಸ್ತಕಗಳ ಮಟ್ಟಿಗೆ ಇದು ಅಪರೂಪದ ಪಾಠವೇ. ಇದೇ ವಿಷಯ ಹೇಳುವಾಗ ಸಾಮಾನ್ಯವಾಗಿ ಜಪಾನಿನ ಮಿನಮಾಟ ಬರುತ್ತದೆ, ಅಮೆರಿಕದ ಹದ್ದುಗಳು ಬರುತ್ತವೆ. ಇಲ್ಲಿ ರಾಜಧಾನಿಯ ಪಕ್ಕದ, ಬಸ್ಸು ಹತ್ತಿ ಹೋಗಿ ನೋಡಿ ಬರಬಹುದಾದ ಕೆರೆಯೊಂದು ಹೆಸರಿನ ಸಮೇತ ಬಂದಿದೆ.

ಆದರೂ ಕೂಕಟ್‌ಪಲ್ಲಿಯ ಶಾಲೆಯಲ್ಲಿ ಕುಳಿತು ಅದನ್ನು ಓದುವ ವಿದ್ಯಾರ್ಥಿಗೆ ಅದು ಇನ್ಯಾರದೋ ಊರಿನ ಕತೆ. ಕೂಕಟ್‌ಪಲ್ಲಿ ನಗರದ ವಾಯವ್ಯಕ್ಕಿದೆ, ಏದುಲಾಬಾದ್ ಪೂರ್ವಕ್ಕೆ. ಇವೆರಡನ್ನೂ ಒಂದೇ ನೀರಿನ ಎಳೆ ಜೋಡಿಸಿದೆ ಎಂಬುದು ಪಾಠ ಓದಿದರೆ ಹೊಳೆಯುವುದಿಲ್ಲ. ಕೂಕಟ್‌ಪಲ್ಲಿಯ ಬಚ್ಚಲುಗಳಿಂದ ಹೊರಟ ನೀರು ಮೂಸಾಪೇಟ್, ಫತೇನಗರ, ಬೇಗಂಪೇಟೆ ದಾಟಿ ಹುಸೇನ್ ಸಾಗರದ ಕಡೆಗೆ ಹರಿಯುತ್ತದೆ. ಅದರಲ್ಲಿ ಒಂದಷ್ಟನ್ನು ಈಚಿನ ದಶಕಗಳಲ್ಲಿ ಸಾಗರಕ್ಕೆ ಸೇರುವ ಮೊದಲೇ ತಿರುಗಿಸಿ ಅಂಬರ್‌ಪೇಟೆಯ ಶುದ್ಧೀಕರಣ ಘಟಕಕ್ಕೆ ಒಯ್ಯುತ್ತಾರೆ. ಯಾವ ದಾರಿಯಲ್ಲಿ ಹೋದರೂ ಕೊನೆಗೆ ಮುಟ್ಟುವುದು ಮೂಸಿಯನ್ನೇ. ಮೂಸಿ ಹರಿಯುವುದು ಪೂರ್ವಕ್ಕೇ. ಬದಲಾಗುವ ಪರಿಸರ ಜೀವಿಗಳನ್ನು ಏನು ಮಾಡುತ್ತದೆ ಎಂಬ ಪಾಠ ಮಗುವಿನ ಬೀದಿಯಲ್ಲೇ ಶುರುವಾಗುತ್ತದೆ. ಪುಸ್ತಕ ಮಾತ್ರ ಅದನ್ನು ಕೆಳಗಿನ ಕೆರೆಯಿಂದ ಶುರುಮಾಡುತ್ತದೆ. ಹೀಗೇಕಾಯಿತು ಎಂದು ತಿಳಿಯಲು ನೀರಿನ ಚರಿತ್ರೆಯನ್ನೂ ಪಾಠದ ಚರಿತ್ರೆಯನ್ನೂ ಜೊತೆಯಲ್ಲಿಟ್ಟು ನೋಡಬೇಕು.

ಹೈದರಾಬಾದಿನಲ್ಲಿ ಈ ಹರಿವಿಗೆ ಕೂಕಟ್‌ಪಲ್ಲಿ ನಾಲಾ ಎಂದು ಹೆಸರು. ಮಂಡ್ಯದವರಿಗೆ ನಾಲೆ ಎಂದರೆ ಗದ್ದೆಗೆ ನೀರು ತರುವ ಕಾಲುವೆ. ಬೀದರ್, ಕಲಬುರಗಿಯ ಕಡೆ ನಾಲಾ ಎಂದರೆ ಹಳ್ಳ. ಹೈದರಾಬಾದಿನಲ್ಲೂ ಅದು ಮೊದಲು ಹಳ್ಳವೇ. ಈಗ ಆ ಪದ ಕೇಳಿದ ಕೂಡಲೇ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಪದದ ಅರ್ಥ ಹಳ್ಳದಿಂದ ಮೋರಿಗೆ ಇಳಿದದ್ದರಲ್ಲೇ ಊರಿನ ಅರ್ಧ ಚರಿತ್ರೆ ಇದೆ.

ಹಳ್ಳ ಹೋಗಿ ಸೇರುವ ಹುಸೇನ್ ಸಾಗರವನ್ನು ಕಟ್ಟಿದ್ದು 1562ರ ಸುಮಾರಿಗೆ, ಇಬ್ರಾಹಿಂ ಕುಲಿ ಕುತುಬ್ ಷಾನ ಕಾಲದಲ್ಲಿ. ಆಗ ಮೂಸಿಯ ನೀರನ್ನೇ ಕಾಲುವೆಯಲ್ಲಿ ತಂದು ಸಾಗರ ತುಂಬಿಸುತ್ತಿದ್ದರು. ಸುಮಾರು 1930ರವರೆಗೂ ಜನ ಅದರ ನೀರು ಕುಡಿದರು. ನದಿ ಕೆರೆಗೆ ಒಳ್ಳೆಯ ನೀರು ಕೊಡುತ್ತಿದ್ದ ಕಾಲ ಹೋಗಿ ಕೆರೆ ನದಿಗೆ ಕೊಳಚೆ ಕೊಡುವ ಕಾಲ ಬಂದದ್ದು ಆಮೇಲೆ.

ಈ ನೆಲದ ಸ್ವಭಾವವನ್ನು ಬರೆದಿಟ್ಟವರಲ್ಲಿ ಕನ್ನಡಿಗರೊಬ್ಬರಿದ್ದಾರೆ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ ನಿಜಾಮ ಸರ್ಕಾರ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ನಗರದ ಮೇಲಿನ ಜಲಾನಯನದಲ್ಲಿ ಅವರು ಲೆಕ್ಕ ಹಾಕಿದ ಕೆರೆಗಳು 788, ಅಂದರೆ ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಆ ಮಳೆಗೆ ಒಡೆದಿದ್ದವು. ಅವರ ಯೋಜನೆಯಿಂದಲೇ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆದವು. ಪಕ್ಕದ ಕೂಕಟ್‌ಪಲ್ಲಿಯದೂ ಅದೇ ಬಗೆಯ ಕಲ್ಲುನೆಲ, ಅದೇ ಬಗೆಯ ಕೆರೆಗಳು. ಒಂದು ತುಂಬಿ ಕೋಡಿ ಬಿದ್ದರೆ ಇನ್ನೊಂದಕ್ಕೆ, ಅದು ತುಂಬಿದರೆ ಮತ್ತೊಂದಕ್ಕೆ. ಬೇಸಿಗೆಗೆ ತಳ ಕಾಣುವುದು, ಮಳೆಗಾಲಕ್ಕೆ ಮತ್ತೆ ತುಂಬುವುದು. ನೂರಾರು ವರ್ಷ ಇಲ್ಲಿನ ಮೀನು, ಕಪ್ಪೆ, ಹಕ್ಕಿಗಳು ಬಾಳಿದ್ದು ಈ ಲಯದಲ್ಲಿ.

ಅದು ಕೆಟ್ಟದ್ದು ಒಬ್ಬ ಮನುಷ್ಯನ ಆಯುಷ್ಯದೊಳಗೆ. 1961ರಲ್ಲಿ ಸ್ಥಾಪನೆಯಾದ ಇಂಡಿಯನ್ ಡಿಟೊನೇಟರ್ಸ್ ಕಂಪನಿ ಕೂಕಟ್‌ಪಲ್ಲಿಯಲ್ಲಿ ಸಿಡಿಮದ್ದಿನ ಕಾರ್ಖಾನೆ ತೆರೆಯಿತು. ಅದೇ ದಶಕದಲ್ಲಿ ಬಾಲಾನಗರಕ್ಕೆ ಸರ್ಕಾರಿ ಔಷಧ ಕಾರ್ಖಾನೆ ಐಡಿಪಿಎಲ್ ಬಂತು. ಸನತ್‌ನಗರದ ಕೈಗಾರಿಕೆಗಳು ಬೆಳೆದವು, ಆಮೇಲೆ ಜೀಡಿಮೆಟ್ಲ. 1972ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ತಾಂತ್ರಿಕ ವಿಶ್ವವಿದ್ಯಾಲಯ ಇಲ್ಲೇ ನೆಲೆಯೂರಿತು. 1980ರ ದಶಕದಲ್ಲಿ ಗೃಹಮಂಡಳಿಯವರು ಕೆಪಿಎಚ್‌ಬಿ ಕಾಲೊನಿ ಕಟ್ಟಿದರು. 2001ರ ಜನಗಣತಿಯ ಹೊತ್ತಿಗೆ ಕೂಕಟ್‌ಪಲ್ಲಿ ಪುರಸಭೆಯ ಜನಸಂಖ್ಯೆ ಮೂರು ಲಕ್ಷದ ಹತ್ತಿರ ಬಂದಿತ್ತು. 2007ರಲ್ಲಿ ಪುರಸಭೆ ಬೃಹತ್ ಹೈದರಾಬಾದ್ ಪಾಲಿಕೆಯೊಳಗೆ ಸೇರಿತು, 2017ರಲ್ಲಿ ಮೆಟ್ರೊ ಬಂತು. ರಂಗಧಾಮುನಿ ಚೆರುವು ಎಂಬ ಕೆರೆಯನ್ನು ಜನ ಕಾರ್ಖಾನೆಯ ಹೆಸರಿನಿಂದ ಐಡಿಎಲ್ ಕೆರೆ ಎನ್ನತೊಡಗಿದರು. ಚೆರುವು ಎಂದರೆ ಕೆರೆ. ಹಲವು ಚೆರುವುಗಳ ಹೆಸರು ಈಗ ಬಡಾವಣೆಯ ವಿಳಾಸದಲ್ಲಷ್ಟೇ ಉಳಿದಿದೆ.

ನೀರು ಹೀಗೆ ಬದಲಾದಾಗ ಅದರೊಳಗಿನ ಜೀವಿಗಳಿಗೆ ಏನಾಯಿತು?

ಕೊಳಚೆ ಸೇರಿದ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಆ ಕೊಳೆಯನ್ನು ತಿಂದು ಬೆಳೆಯುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಕಿವಿರಿನಿಂದಲೇ ಉಸಿರಾಡಬೇಕಾದ ಕಾಟ್ಲಾ, ರೋಹುಗಳಂಥ ಮೀನುಗಳು ಒಂದು ರಾತ್ರಿ ಕಳೆಯುವುದರೊಳಗೆ ಹೊಟ್ಟೆ ಮೇಲಾಗಿ ತೇಲುವುದು ಇದರಿಂದ. ಅದೇ ನೀರಿನಲ್ಲಿ ಕೊರ್ರಮೀನು ಬದುಕಿಕೊಳ್ಳಬಲ್ಲದು. ಕನ್ನಡದಲ್ಲಿ ಇದು ಕೊರವ. 2016ರಲ್ಲಿ ತೆಲಂಗಾಣ ಇದನ್ನು ರಾಜ್ಯದ ಮೀನೆಂದು ಘೋಷಿಸಿತು. ಕೊರವ ಆಗಾಗ ಮೇಲೆ ಬಂದು ಗಾಳಿಯನ್ನೇ ನೇರವಾಗಿ ಎಳೆದುಕೊಳ್ಳುತ್ತದೆ. ಬೇಸಿಗೆಗೆ ಬತ್ತಿ ಕೆಸರಾಗುವ ಕೆರೆಗಳಲ್ಲಿ ಬದುಕುಳಿಯಲು ನೆರವಾದ ಗುಣ ಅದು. ಕೊಳಚೆಗಾಗಿ ಅದು ಹೊಸದಾಗಿ ಕಲಿತದ್ದೇನೂ ಅಲ್ಲ. ಹಳೆಯ ಬೇಸಿಗೆಗಳಿಗೆ ಇದ್ದ ಬುತ್ತಿ ಹೊಸ ಕಷ್ಟಕ್ಕೆ ಒದಗಿತು, ಅಷ್ಟೇ. ಆ ಬುತ್ತಿ ಇಲ್ಲದ ಮೀನುಗಳು ಹೋದವು. ಗಾಳಿ ಕುಡಿಯುವ ಕೊರವಕ್ಕೂ ಸೀಸ, ಕ್ಯಾಡ್ಮಿಯಂಗಳಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಹೋದವುಗಳ ಜಾಗಕ್ಕೆ ಬಂದವುಗಳೂ ಇವೆ. ದಕ್ಷಿಣ ಅಮೆರಿಕದಿಂದ ಬಂದು ದೇಶವೆಲ್ಲ ಹರಡಿದ ಜಲಕಳೆಗೆ ತೆಲುಗಿನಲ್ಲಿ ಗುರ್ರಪು ಡೆಕ್ಕ, ಅಂದರೆ ಕುದುರೆ ಗೊರಸು ಎಂಬ ಚಂದದ ಹೆಸರಿದೆ. ಕೊಳಚೆಯ ಸಾರಜನಕ, ರಂಜಕ ಅದಕ್ಕೆ ಗೊಬ್ಬರ. ಅದು ಕೆರೆಯ ಮೇಲೆ ಹಾಸಿಕೊಂಡರೆ ಕೆಳಗೆ ಬೆಳಕಿಲ್ಲ, ಕೊಳೆತರೆ ಇದ್ದ ಆಮ್ಲಜನಕವೂ ಇಲ್ಲ. ಅದರ ಎಡೆಯಲ್ಲಿ ಸೊಳ್ಳೆಗಳಿಗೆ ತಾವು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನೂ ಬೆಂಕಿಯನ್ನೂ ಕಂಡವರಿಗೆ ಈ ವಿವರಗಳು ಹೊಸವಲ್ಲ.

ಈಗ ಪಾಠದ ಚರಿತ್ರೆ. ಕೂಕಟ್‌ಪಲ್ಲಿಯಲ್ಲಿ ಇಷ್ಟೆಲ್ಲ ಆಗುತ್ತಿದ್ದ ದಶಕಗಳಲ್ಲೇ ಪರಿಸರ ಎಂಬ ವಿಷಯ ಶಾಲೆಯೊಳಗೆ ಕಾಲಿಟ್ಟಿತು. ಎನ್‌ಸಿಇಆರ್‌ಟಿ 1975ರಲ್ಲಿ ಹೊರತಂದ ಹತ್ತು ವರ್ಷದ ಶಾಲೆಯ ಪಠ್ಯಕ್ರಮ, ಪ್ರಾಥಮಿಕ ತರಗತಿಗಳಲ್ಲಿ ವಿಜ್ಞಾನ ಮತ್ತು ಸಮಾಜ ಎರಡನ್ನೂ ಪರಿಸರ ಅಧ್ಯಯನ ಎಂಬ ಒಂದೇ ಹೆಸರಿನಡಿ ಕಲಿಸಬೇಕೆಂದಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಪರಿಸರ ಪ್ರಜ್ಞೆ ಎಲ್ಲ ವಯಸ್ಸಿನವರಿಗೂ ಬೇಕೆಂದಿತು. ವಕೀಲ ಎಂ. ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ 1991ರ ನವೆಂಬರ್ 22ರಂದು ಸುಪ್ರೀಂ ಕೋರ್ಟ್ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಲು ನಿರ್ದೇಶನ ಕೊಟ್ಟಿತು. ಹನ್ನೆರಡು ವರ್ಷ ಕಳೆದರೂ ಕೆಲಸ ಸಾಗದೆ, ಎಲ್ಲ ತರಗತಿಗಳಿಗೂ ಮಾದರಿ ಪಠ್ಯಕ್ರಮ ಸಿದ್ಧಪಡಿಸುವಂತೆ 2003ರ ಡಿಸೆಂಬರ್‌ನಲ್ಲಿ ಎನ್‌ಸಿಇಆರ್‌ಟಿಗೆ ಹೇಳಬೇಕಾಯಿತು.

ವಿಷಯ ಕಡ್ಡಾಯವಾಯಿತು, ಆದರೆ ಪರಿಸರ ಎಂದರೆ ಎಲ್ಲಿಯ ಪರಿಸರ ಎಂಬ ಪ್ರಶ್ನೆ ಉಳಿಯಿತು. ನಮ್ಮ ಮಕ್ಕಳಿಗೆ ಜೀವಿ ಮತ್ತು ಪರಿಸರದ ನಂಟನ್ನು ಕಲಿಸುವ ಪಾಠಗಳಲ್ಲಿ ಮೊದಲು ಬರುವುದು ಮರುಭೂಮಿಯ ಒಂಟೆ, ಆಮೇಲೆ ಕಳ್ಳಿ, ಹಿಮದ ನಾಡಿನ ಕರಡಿ. ಇವು ಒಳ್ಳೆಯ ಉದಾಹರಣೆಗಳೇ. ಆದರೆ ಇವೆಲ್ಲ ಮುಗಿದ ಕತೆಗಳು. ಮರುಭೂಮಿ ಮೊದಲಿನಿಂದಲೂ ಅಲ್ಲೇ ಇತ್ತು, ಒಂಟೆ ಅದಕ್ಕೆ ತಕ್ಕಂತಾಗಿ ನಿಂತಿದೆ. ಪರಿಸರ ಮೂವತ್ತು ವರ್ಷದಲ್ಲಿ ತಲೆಕೆಳಗಾದರೆ ಜೀವಿ ಏನು ಮಾಡುತ್ತದೆ ಎಂದು ಒಂಟೆಯಿಂದ ತಿಳಿಯುವುದಿಲ್ಲ.

ಇದಕ್ಕೆ ಭಾಷೆಯ ತೊಡಕೊಂದು ಸೇರಿಕೊಳ್ಳುತ್ತದೆ. ಕನ್ನಡದ ಪುಸ್ತಕಗಳಲ್ಲಿ ಈ ಗುಣಕ್ಕೆ ಹೊಂದಾಣಿಕೆ ಎನ್ನುತ್ತಾರೆ. ಮಗುವಿಗೆ ಆ ಪದ ಮನೆಯಲ್ಲೇ ಗೊತ್ತು: ಅಣ್ಣನ ಜೊತೆ ಹೊಂದಿಕೊಂಡು ಹೋಗು, ಬಸ್ಸಿನಲ್ಲಿ ಸ್ವಲ್ಪ ಹೊಂದಿಸಿಕೊಂಡು ಕೂತುಕೋ. ಅಲ್ಲಿ ಹೊಂದಿಕೊಳ್ಳುವುದು ಮನಸ್ಸು ಮಾಡಿದರೆ ಆಗುವ ಕೆಲಸ, ಒಳ್ಳೆಯವರ ಲಕ್ಷಣ. ಆ ಅರ್ಥವನ್ನೇ ಹೊತ್ತು ತರಗತಿಗೆ ಬಂದ ಮಗು, ಮೀನು ಕೂಡ ಮನಸ್ಸು ಮಾಡಿದರೆ ಕೊಳಚೆಗೆ ಹೊಂದಿಕೊಂಡೀತು ಎಂದುಕೊಳ್ಳುತ್ತದೆ. ಸತ್ತ ಮೀನು ಹೊಂದಿಕೊಳ್ಳಲು ಒಪ್ಪದ ಮೀನಾಗಿಬಿಡುತ್ತದೆ. ಪುಸ್ತಕಗಳು ಈ ಗೊಂದಲ ತಪ್ಪಿಸಲು ನೋಡುತ್ತವೆ: ಹೊಂದಾಣಿಕೆಗೆ ಸಾವಿರಾರು ವರ್ಷ ಬೇಕು, ಬೆಟ್ಟ ಹತ್ತಿದವರಿಗೆ ಕೆಲವು ದಿನಗಳಲ್ಲಿ ಆಗುವುದು ಬರೀ ಒಗ್ಗಿಕೊಳ್ಳುವುದು ಎಂದು ಬೇರೆ ಮಾಡಿ ಹೇಳುತ್ತವೆ. ಆದರೆ ವ್ಯಾಖ್ಯೆಯಿಂದ ಹೋಗುವ ತಪ್ಪಲ್ಲ ಇದು. ಕಣ್ಣೆದುರಿನ ಉದಾಹರಣೆ ಬೇಕು. ಕೂಕಟ್‌ಪಲ್ಲಿಯಲ್ಲಿ ಅದು ರಾತ್ರಿ ಕಿವಿಯ ಬಳಿಯೇ ಗುಂಯ್‌ಗುಡುತ್ತದೆ.

ಕೂಕಟ್‌ಪಲ್ಲಿ ನಾಲಾ ಹಾದುಹೋಗುವ ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಹೆಸರಿನ ಹಳೆಯ ಕಟ್ಟಡವೊಂದಿದೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದ ಈ ಸೇನಾ ವೈದ್ಯರು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡರು. 1902ರಲ್ಲಿ ಅವರಿಗೆ ನೊಬೆಲ್ ಬಂತು. ಎನ್‌ಸಿಇಆರ್‌ಟಿಯ ಐದನೇ ತರಗತಿಯ ಪರಿಸರ ಅಧ್ಯಯನದ ಪುಸ್ತಕದಲ್ಲೂ ಈ ಕತೆ ಬಂದಿದೆ. ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಗಳಲ್ಲಿ ಹೆಚ್ಚಿನವು ಬಯಸುವುದು ತಕ್ಕಮಟ್ಟಿಗೆ ತಿಳಿಯಾದ ನೀರು. ಹಳ್ಳ ಮೋರಿಯಾದಾಗ ಅವುಗಳಿಗೆ ಅಲ್ಲಿ ಜಾಗ ಕಡಿಮೆಯಾಗಿ, ಕೊಳಚೆಯಲ್ಲೇ ಹುಲುಸಾಗುವ ಕ್ಯೂಲೆಕ್ಸ್‌ಗೆ ಸುಗ್ಗಿಯಾಗುತ್ತದೆ. ಕಾಲೊನಿಯ ಮನೆಗಳಲ್ಲಿ ನಲ್ಲಿನೀರು ಬಾರದ ದಿನಕ್ಕೆಂದು ತುಂಬಿಟ್ಟ ಡ್ರಮ್ಮು, ಮುಚ್ಚಳವಿಲ್ಲದ ಟ್ಯಾಂಕು, ಮಹಡಿಯ ಮೇಲೆ ಬಿಸಾಡಿದ ಟೈರು ಡೆಂಗಿಯ ಸೊಳ್ಳೆಯಾದ ಈಡಿಸ್‌ನ ಪಾಲು. ನೀರಿನ ಗುಣ ಬದಲಾದರೆ ಸೊಳ್ಳೆಯ ಜಾತಿ ಬದಲಾಗುತ್ತದೆ, ಅದರೊಡನೆ ರೋಗವೂ. ಪರಿಸರ ಬದಲಾದಾಗ ಗೆಲ್ಲುವವರೂ ಇರುತ್ತಾರೆ ಎಂಬುದು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಅರ್ಥವಾದೀತು?

ಸೊಳ್ಳೆ ಇನ್ನೂ ಒಂದು ಪಾಠ ಹೇಳುತ್ತದೆ. ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತೆಂಬ ಅಂದಾಜಿದ್ದ ಕಾಲದಲ್ಲಿ, 1953ರಲ್ಲಿ, ಮನೆಮನೆಗೆ ಡಿಡಿಟಿ ಸಿಂಪಡಿಸುವ ಕಾರ್ಯಕ್ರಮ ಶುರುವಾಯಿತು. 1965ರ ಹೊತ್ತಿಗೆ ಪ್ರಕರಣಗಳು ಒಂದು ಲಕ್ಷದ ಆಸುಪಾಸಿಗೆ ಇಳಿದವು. 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿದವು. ಏರಿದ್ದಕ್ಕೆ ಹಲವು ಕಾರಣಗಳಿದ್ದವು. ಅವುಗಳಲ್ಲಿ ಒಂದು, ಡಿಡಿಟಿಗೆ ಬಗ್ಗದ ಸೊಳ್ಳೆಗಳು. ಯಾವ ಸೊಳ್ಳೆಯೂ ಡಿಡಿಟಿಯನ್ನು ಕಲಿತುಕೊಳ್ಳಲಿಲ್ಲ, ಹೊಂದಿಕೊಳ್ಳಲೂ ಇಲ್ಲ. ಸಾಯುವವು ಸತ್ತವು. ಹುಟ್ಟಿನಿಂದಲೇ ಅದನ್ನು ತಾಳಬಲ್ಲ ಕೆಲವು ಉಳಿದು ಮರಿಮಾಡಿದವು, ಮುಂದಿನ ತಲೆಮಾರಿನಲ್ಲಿ ಅಂಥವೇ ಹೆಚ್ಚಾದವು. ಸೊಳ್ಳೆಗೆ ತಲೆಮಾರೆಂದರೆ ಕೆಲವೇ ವಾರ. ಕಾಟ್ಲಾದಂಥ ಮೀನು ಪ್ರಾಯಕ್ಕೆ ಬರುವುದಕ್ಕೇ ವರ್ಷಗಟ್ಟಲೆ ಬೇಕು. ಬದಲಾವಣೆಯ ವೇಗಕ್ಕೆ ಯಾವ ಜೀವಿ ಹೆಜ್ಜೆ ಹಾಕಬಲ್ಲದು, ಯಾವುದು ಹಾಕಲಾರದು ಎಂಬುದರ ಗುಟ್ಟು ಬಹಳಮಟ್ಟಿಗೆ ಈ ಲೆಕ್ಕದಲ್ಲಿದೆ.

ಸೊಳ್ಳೆಗಿಂತಲೂ ಬೇಗ ತಲೆಮಾರು ಉರುಳಿಸುವುದು ಬ್ಯಾಕ್ಟೀರಿಯಾ. ಕೂಕಟ್‌ಪಲ್ಲಿಯಿಂದ ಮುಂಬಯಿ ಹೆದ್ದಾರಿ ಹಿಡಿದು ಹೋದರೆ ಪಟಾನ್‌ಚೆರು ಸಿಗುತ್ತದೆ. ಅಲ್ಲಿನ ಸುಮಾರು 90 ಔಷಧ ತಯಾರಕರ ಹೊರನೀರನ್ನು ಶುದ್ಧೀಕರಿಸಿ ಬಿಡುತ್ತಿದ್ದ ಘಟಕದ ನೀರನ್ನು ಸ್ವೀಡನ್ನಿನ ಜೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2007ರಲ್ಲಿ ವರದಿ ಮಾಡಿದರು. ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕ ಲೀಟರಿಗೆ 31 ಮಿಲಿಗ್ರಾಂವರೆಗೂ ಇತ್ತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು. ಈ ನೀರು ಆಗ ಇಳಿಯುತ್ತಿದ್ದುದು ಮೂಸಿಗಲ್ಲ, ಬೀದರ್ ಜಿಲ್ಲೆಯನ್ನು ಹಾದು ಬರುವ ಮಾಂಜ್ರಾ ನದಿಯ ಕಡೆಗೆ. ಅಂಥ ನೀರಿನಲ್ಲಿ ಉಳಿಯುವುದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ. ಜ್ವರದ ಮಗುವಿಗೆ ವೈದ್ಯರು ಬರೆದುಕೊಟ್ಟ ಮಾತ್ರೆ ಕೆಲಸ ಮಾಡದೆ ಹೋಗುವುದರ ಹಿಂದೆ ಇರುವುದೂ ಇದೇ ಆಯ್ಕೆಯ ಕತೆ. ಈ ಪಾಠ ಮಕ್ಕಳಿಗೆ ತಲುಪುತ್ತದೋ ಇಲ್ಲವೋ ಎಂಬುದು ಬರೀ ಅಂಕದ ಮಾತಲ್ಲ.

ಪಾಠವನ್ನು ಬೀದಿಗೆ ತರುವ ಯೋಚನೆ ಯಾರಿಗೂ ಬಂದಿರಲಿಲ್ಲ ಎಂದಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ರೂಪಿಸುವಾಗ ವಾಸನೆಲೆ ಮತ್ತು ಕಲಿಕೆ ಎಂಬ ವಿಷಯಕ್ಕೆ ಒಂದು ತಜ್ಞರ ಗುಂಪಿತ್ತು. ಅದರ ಅಧ್ಯಕ್ಷರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದ, ಪಶ್ಚಿಮ ಘಟ್ಟಗಳ ಅಧ್ಯಯನಕ್ಕೆ ಹೆಸರಾದ ಮಾಧವ ಗಾಡ್ಗೀಳ್. ದೇಶದ ಮಕ್ಕಳು ಹೇಗೂ ಪರಿಸರದ ಪ್ರಾಜೆಕ್ಟು ಮಾಡುತ್ತಾರೆ. ತಮ್ಮ ಊರಿನ ಕೆರೆ, ಗಿಡ, ನೀರು, ಗಾಳಿಯ ಬಗ್ಗೆ ಅವರು ಕಂಡುಕೊಂಡದ್ದನ್ನು ಒಟ್ಟುಮಾಡಿ ಎಲ್ಲರೂ ನೋಡಬಹುದಾದ ಮಾಹಿತಿ ಭಂಡಾರವನ್ನಾಗಿ ಮಾಡಬಹುದಲ್ಲ ಎಂಬುದು ಆ ಗುಂಪಿನ ಸಲಹೆ. ಮಕ್ಕಳನ್ನು ಓದುವವರೆಂದಷ್ಟೇ ಅಲ್ಲದೆ ಬರೆದಿಡುವವರೆಂದೂ ಕಂಡ ಸಲಹೆ ಅದು.

ತರಗತಿಗಳಲ್ಲಿ ಸಾಮಾನ್ಯವಾಗಿ ನಡೆದದ್ದು ಬೇರೆ. ಪ್ರಾಜೆಕ್ಟು ಎಂದರೆ ಹಿಂದಿನ ಸಂಜೆ ಸ್ಟೇಷನರಿ ಅಂಗಡಿಯಲ್ಲಿ ಕೊಂಡ ಚಿತ್ರದ ಹಾಳೆ, ಕತ್ತರಿ, ಗೋಂದು. ಇದರಲ್ಲಿ ಶಿಕ್ಷಕರದೇ ತಪ್ಪೆಂದು ಹೇಳುವುದು ಸುಲಭ. ನಲವತ್ತು ಐವತ್ತು ಮಕ್ಕಳನ್ನು ನಾಲಾದ ದಡಕ್ಕೆ ಕರೆದೊಯ್ಯುವುದು ಯಾವ ಶಿಕ್ಷಕಿಗೂ ಎದೆ ನಡುಗಿಸುವ ಕೆಲಸ. ಕಂಡದ್ದನ್ನು ಬರೆದರೆ ಅಂಕವಿಲ್ಲ, ಪುಸ್ತಕದಲ್ಲಿದ್ದದ್ದನ್ನು ಬರೆದರೆ ಇದೆ. ಇನ್ನೊಂದು ತೊಡಕೂ ಇದೆ. ಒಂಟೆಯ ಪಾಠದಲ್ಲಿ ಯಾರ ಹೆಸರೂ ಬರುವುದಿಲ್ಲ. ಮನೆಯ ಮುಂದಿನ ನೀರಿನ ಪಾಠದಲ್ಲಿ ಕಾರ್ಖಾನೆ, ಪಾಲಿಕೆ, ಬಡಾವಣೆ, ಕೊನೆಗೆ ಮಗುವಿನ ಸ್ವಂತ ಮನೆಯ ಬಚ್ಚಲು ಎಲ್ಲವೂ ಬರುತ್ತವೆ. ಕೆರೆಯಂಗಳವನ್ನು ತುಂಬಿ ಕಟ್ಟಿದ ಮನೆಯಲ್ಲೇ ಅದನ್ನು ಓದುವ ಮಗು ವಾಸವಾಗಿರಬಹುದು. ಏದುಲಾಬಾದಿನ ಮೀನಿನ ಬಗ್ಗೆ ಧೈರ್ಯವಾಗಿ ಬರೆದ ಪುಸ್ತಕ ನೀರಿನ ಮೇಲ್ದಂಡೆಗೆ ಬರದೇ ಇದ್ದುದಕ್ಕೆ ಬೇರೇನೇ ಕಾರಣವಿರಲಿ, ಮೇಲ್ದಂಡೆಯ ಪಾಠ ಇರಿಸುಮುರಿಸಿನದು ಎಂಬುದಂತೂ ನಿಜ.

ಆ ಇರಿಸುಮುರಿಸನ್ನು ದಾಟಲು ಕೂಕಟ್‌ಪಲ್ಲಿಗೆ ಈಗೊಂದು ಅವಕಾಶ ಬಂದಿದೆ. 2024ರಲ್ಲಿ ತೆಲಂಗಾಣ ಸರ್ಕಾರ ರಚಿಸಿದ ಹೈಡ್ರಾ ಸಂಸ್ಥೆ ಅದೇ ಸೆಪ್ಟೆಂಬರ್‌ನಲ್ಲಿ ಇಲ್ಲಿನ ನಲ್ಲ ಚೆರುವಿನ ಅಂಗಳದಲ್ಲಿ ಎದ್ದಿದ್ದ ಶೆಡ್ಡುಗಳನ್ನು ಕೆಡವಿತು. ಆಮೇಲೆ ಹೂಳು ತೆಗೆದು ಕೆರೆಯನ್ನು ಮತ್ತೆ ಕೆರೆಯಾಗಿಸುವ ಕೆಲಸ ನಡೆಯಿತು. ತೆರವಿನ ರೀತಿಯ ಬಗ್ಗೆ ಜಗಳಗಳಿವೆ. ಅಲ್ಲಿ ದುಡಿದು ಉಣ್ಣುತ್ತಿದ್ದವರ ನಷ್ಟವೂ ನಿಜ. ಜೀವಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದು ಪುಸ್ತಕಗಳಲ್ಲಿ ಸುಲಭಕ್ಕೆ ಸಿಗದ ಸಂಗತಿ: ಬದಲಾದ ಪರಿಸರವೊಂದು ಇನ್ನೊಮ್ಮೆ, ಈ ಸಲ ಬೇರೆ ದಿಕ್ಕಿಗೆ ಬದಲಾಗುತ್ತಿದೆ. ಮೊದಲು ಯಾರು ಮರಳುತ್ತಾರೆ? ಏರೋಪ್ಲೇನ್ ಚಿಟ್ಟೆಯೋ, ಕಪ್ಪೆಯೋ, ಮಿಂಚುಳ್ಳಿಯೋ? ಮೇಲಿನ ಮೋರಿ ಹಾಗೇ ಬಂದು ಬೀಳುತ್ತಿದ್ದರೆ ಗುರ್ರಪು ಡೆಕ್ಕ ಎಷ್ಟು ತಿಂಗಳಲ್ಲಿ ವಾಪಸು ಬರುತ್ತದೆ?

ಇದಕ್ಕೆ ಪ್ರಯೋಗಾಲಯ ಬೇಡ, ನೀರಿಗಿಳಿಯುವುದೂ ಬೇಡ. ಬೇಲಿಯ ಈಚೆ ನಿಂತು ಬರೆಯಲು ಒಂದು ದಪ್ಪ ರಿಜಿಸ್ಟರ್ ಪುಸ್ತಕ ಸಾಕು. ಪ್ರತಿ ವರ್ಷ ಅದೇ ಜಾಗದಲ್ಲಿ ನಾಲ್ಕು ಸಲ: ಜೂನಿನಲ್ಲಿ ಶಾಲೆ ತೆರೆದಾಗ, ಗಣೇಶ ಮುಳುಗಿಸುವ ಮೊದಲು, ಮುಳುಗಿಸಿದ ಮೇಲೆ, ಬೇಸಿಗೆ ರಜೆಗೆ ಮುಂಚೆ. ನೀರಿನ ಬಣ್ಣ, ವಾಸನೆ, ಕಳೆ ಎಷ್ಟು ಹಾಸಿದೆ, ಯಾವ ಹಕ್ಕಿ, ಕಪ್ಪೆಯ ದನಿ ಉಂಟೇ ಇಲ್ಲವೇ. ಆರನೇ ತರಗತಿಯವರು ಬರೆದದ್ದನ್ನು ಮುಂದಿನ ವರ್ಷ ಬರುವ ಆರನೇ ತರಗತಿಯವರು ಮುಂದುವರಿಸಬೇಕು. ಒಂದು ವರ್ಷದ ಪುಟ ಏನನ್ನೂ ಹೇಳುವುದಿಲ್ಲ. ಐದು ವರ್ಷದ ಪುಟಗಳು ಸೇರಿದರೆ ಅದು ಆ ಕೆರೆಯ ಚರಿತ್ರೆಯಾಗುತ್ತದೆ.

ಹಾಗೆ ಬರೆದ ಮಕ್ಕಳು ಹತ್ತನೇ ತರಗತಿಗೆ ಬಂದು ಏದುಲಾಬಾದಿನ ಪಾಠ ತೆರೆದಾಗ, ಆ ನೀರು ಎಲ್ಲಿಂದ ಬಂತು ಎಂಬುದನ್ನು ಶಿಕ್ಷಕರು ಹೇಳಬೇಕಾಗಿ ಬರುವುದಿಲ್ಲ.